ನೀಲಿ ಮೈ, ಕಪ್ಪು ಗೆರೆ: ಈ ಮೂರು ಕಡಲ ಬಸವನಹುಳುಗಳೂ ಒಂದೇ ಜಾತಿಯೋ, ಬೇರೆಬೇರೆಯೋ?

ಹವಳದಂಗಳ
ಫಿಲಿಪ್ಪೀನ್ಸಿನ ಅನಿಲಾವ್‌ನ ಮೂರು ಫೋಟೊ ಹಾಕಿದ್ದೇನೆ. ಮೂರೂ 12ರಿಂದ 18 ಮೀಟರ್ ಆಳದ ಹವಳದ ಇಳಿಜಾರಿನವು, ಮೂರೂ ಅಂದಾಜು ಮೂರು ಸೆಂಟಿಮೀಟರ್ ಉದ್ದ. ನೀಲಿ ಮೈ, ಬೆನ್ನುದ್ದಕ್ಕೆ ಕಪ್ಪು ಗೆರೆ, ಹಿಂದೆ ಹೂವಿನ ಹಾಗೆ ಅರಳಿದ ಕಿವಿರು. ಕ್ರೋಮೋಡೋರಿಸ್ ಕುಲ ಅನ್ನುವವರೆಗೆ ಅನುಮಾನವಿಲ್ಲ. ಆಮೇಲೆ ಗೊಂದಲ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ಮೂರನ್ನೂ "ಆನೆ" (annae) ಅನ್ನುತ್ತದೆ. ಡೈವ್ ಗೈಡ್ ಪಟ್ಟಿಯಲ್ಲಿ ಮೂರಕ್ಕೂ "ಲೊಚಿ" (lochi) ಅಂತಿದೆ.

1ನೇ ಫೋಟೊ: ನೀಲಿಯ ಒಳಗೆ ಸಣ್ಣ ಸಣ್ಣ ಕಡು ಚುಕ್ಕಿ, ಸುತ್ತ ಹಳದಿ ಅಂಚು, ಕೊಂಬು ಮತ್ತು ಕಿವಿರು ಕಿತ್ತಳೆ.
2ನೇ ಫೋಟೊ: ಚುಕ್ಕಿ ಕಾಣುವುದಿಲ್ಲ, ಅಂಚು ಬಿಳಿ, ಕೊಂಬು ತಿಳಿ ಗುಲಾಬಿ. ಕಿವಿರು ಅರ್ಧ ಒಳಗೆ ಎಳೆದುಕೊಂಡಿದೆ.
3ನೇ ಫೋಟೊ: ಅಂಚು ಬಿಳಿ, ಕಿವಿರಿನ ಮೇಲೂ ಕೊಂಬಿನ ಮೇಲೂ ಸಕ್ಕರೆ ಉದುರಿಸಿದ ಹಾಗೆ ಬಿಳಿ ಚುಕ್ಕಿ.

ಬಣ್ಣ ನೋಡಿ ಹೆಸರು ಇಡಬಹುದೇ? ಇಡುವುದಾದರೆ ಯಾವ ಗುರುತು ನಂಬಬೇಕು?

ಮ್ಯಾಕ್ರೋ ಕಣ್ಣು
1 ಆನೆ, 2 ಲೊಚಿ, 3 ವಿಲನಿ. ಮುಗೀತು.

ಸ್ಪಂಜು ಗೂಡು
ಮೂರನೆಯದಕ್ಕೆ ಒಪ್ಪಿದೆ. ಈ ಗುಂಪಿನಲ್ಲಿ ಕಿವಿರು, ಕೊಂಬು ಎರಡರ ಮೇಲೂ ಬಿಳಿ ಚುಕ್ಕಿ ಇದ್ದರೆ ಅದು ಕ್ರೋಮೋಡೋರಿಸ್ ವಿಲನಿ. ಇದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ. ಮೊದಲನೆಯದೂ ಸರಿ: ಕಡು ಚುಕ್ಕಿ ಇರುವ ನೀಲಿ, ಹಳದಿ ಅಂಚು, ಕಿತ್ತಳೆ ಕಿವಿರು ಮೂರೂ ಕೂಡಿದರೆ ಆನೆ. ಹೆಸರು ಕೇಳಿ ನಮ್ಮ ಆನೆ ಅಂದುಕೊಳ್ಳಬೇಡಿ, 1877ರಲ್ಲಿ ಬರ್ಗ್ ಇಟ್ಟ ಲ್ಯಾಟಿನ್ ಹೆಸರು ಅದು. ಲೊಚಿ, ವಿಲನಿ ಎರಡನ್ನೂ ರಡ್‌ಮನ್ ವಿವರಿಸಿದ್ದು 1982ರಲ್ಲಿ.

ಎರಡನೆಯದಕ್ಕೆ "ಮುಗೀತು" ಅನ್ನೋದು ಅವಸರ. ಲೊಚಿಗೆ ಕೊಂಬು ಮತ್ತು ಕಿವಿರು ಎರಡೂ ಒಂದೇ ತಿಳಿ ಬಣ್ಣ ಇರಬೇಕು. ಇಲ್ಲಿ ಕಿವಿರೇ ಸರಿಯಾಗಿ ಕಾಣ್ತಿಲ್ಲ. ಕಾಣದ ಭಾಗವನ್ನು ಊಹಿಸಿ ಹೆಸರು ಕೊಟ್ಟರೆ ಅದು ಗುರುತಿಸಿದ ಹಾಗಾಗಲಿಲ್ಲ.

ಮ್ಯಾಕ್ರೋ ಕಣ್ಣು
ಚುಕ್ಕಿ ಇಲ್ಲ, ಅಂಚು ಹಳದಿ ಅಲ್ಲ, ಕೊಂಬು ಗುಲಾಬಿ. ಇನ್ನೇನು ಬೇಕು ಗುರು?

ಪ್ರಯೋಗಶಾಲೆ ಮೇಜು
ಬೇಕು. ಈ ಕುಲದಲ್ಲಿ ಬಣ್ಣ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೇ ಒಂದು ಅಧ್ಯಯನ ಇದೆ. 2018ರಲ್ಲಿ ಲೇಟನ್, ಗೋಸ್ಲಿನರ್, ವಿಲ್ಸನ್ ಮೂವರು ಇಂಡೋ-ಪೆಸಿಫಿಕ್‌ನ ಕ್ರೋಮೋಡೋರಿಸ್‌ಗಳ ಡಿಎನ್‌ಎ ಹೋಲಿಸಿ ನೋಡಿದರು. ಒಂದೇ ಜಾತಿಯೊಳಗೆ ಹಲವು ಬಣ್ಣದ ವಿನ್ಯಾಸ ಇರಬಹುದು, ಬೇರೆಬೇರೆ ಜಾತಿಗಳು ಒಂದೇ ಜಾಗದಲ್ಲಿ ಒಂದೇ ವಿನ್ಯಾಸ ತೊಟ್ಟಿರಬಹುದು ಅನ್ನುವುದು ಅದರ ತಿರುಳು. ಹೀಗೆ ಒಂದೇ ಅಂಗಿ ತೊಡುವುದಕ್ಕೆ ಕಾರಣವೂ ಇದೆ. ಎಲ್ಲವೂ ಕಹಿ, ಎಲ್ಲವೂ ವಿಷ. ಮೀನು ಒಂದನ್ನು ಕಚ್ಚಿ ಉಗುಳಿದರೆ ಅದೇ ಬಣ್ಣದ ಉಳಿದವೂ ಬಚಾವ್.

ಹಾಗಾಗಿ ಗೆರೆ ಎಷ್ಟು, ನೀಲಿ ಎಷ್ಟು ಗಾಢ ಅನ್ನುವುದು ಕೊನೆಗೆ ನೋಡುವ ಗುರುತು. ಮೊದಲು ಕಿವಿರು, ಕೊಂಬು, ಅಂಚು. ಇವು ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಮಾತ್ರ ಹೆಸರು.

ಹೊಸ ಮುಳುಗು
ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಇವಕ್ಕೆ ಚಿಪ್ಪೇ ಇಲ್ಲವಲ್ಲ, ಚಪ್ಪಟೆ ಹುಳು ಅಲ್ಲ ಅಂತ ಹೇಗೆ ಗೊತ್ತಾಗತ್ತೆ? ನೀರಲ್ಲಿ ಎರಡೂ ಬಣ್ಣಬಣ್ಣದ ರಿಬ್ಬನ್ ಥರ ಇರತ್ವೆ.

ಕರಾವಳಿ ಕಿವಿರು
ಒಳ್ಳೆ ಪ್ರಶ್ನೆಯೇ ಮಾರಾಯ್ರೆ. ನಾಲ್ಕು ನೋಟ ಉಂಟು.

ಮೊದಲು ಹಿಂಭಾಗ ನೋಡಿ. ನ್ಯೂಡಿಬ್ರಾಂಕ್ ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳುಗಳ ಒಂದು ಗುಂಪು. ಈ ಫೋಟೊಗಳಲ್ಲಿರುವಂಥ ಡೋರಿಡ್ ಬಗೆಯ ನ್ಯೂಡಿಬ್ರಾಂಕ್ ಆದರೆ ಬೆನ್ನ ಹಿಂದೆ ಕಿವಿರಿನ ಗೊಂಚಲು ಇರ್ತದೆ, ಅದರ ನಡುವೆಯೇ ಗುದದ್ವಾರ. ಚಪ್ಪಟೆ ಹುಳಕ್ಕೆ ಕಿವಿರು ಎಂಬುದೇ ಇಲ್ಲ. ಎರಡನೆಯದು ತಲೆ. ನ್ಯೂಡಿಬ್ರಾಂಕಿನ ಕೊಂಬು ಗಟ್ಟಿ, ಮಡಿಕೆ ಮಡಿಕೆಯಾಗಿ ಮೇಲೆ ಎದ್ದು ನಿಂತಿರ್ತದೆ. ಚಪ್ಪಟೆ ಹುಳದ "ಕೊಂಬು" ಅಂದರೆ ಅಂಚನ್ನೇ ಮಡಚಿ ಎಬ್ಬಿಸಿದ್ದು ಅಷ್ಟೆ. ಮೂರನೆಯದು ದಪ್ಪ. ಚಪ್ಪಟೆ ಹುಳ ಕಾಗದದಷ್ಟು ತೆಳು, ಕಲ್ಲಿನ ಸಂದಿಯಲ್ಲಿ ನೀರಿನ ಹಾಗೆ ಹರಿದು ಹೋಗ್ತದೆ. ನ್ಯೂಡಿಬ್ರಾಂಕಿಗೆ ಮಾಂಸದ ಪಾದ ಬೇರೆಯೇ ಕಾಣ್ತದೆ. ನಾಲ್ಕನೆಯದು ವೇಗ: ಹುಳ ಚುರುಕು, ಇದು ನಿಧಾನ.

ಮೋಸ ಹೋಗುವುದು ಫಿಲಿಡಿಯಾ ಎಂಬ ನ್ಯೂಡಿಬ್ರಾಂಕಿನ ಬಂಧುಗಳಲ್ಲಿ. ಕಪ್ಪು ಮೈ ಮೇಲೆ ಗುಲಾಬಿ, ಬಿಳಿ ಅಥವಾ ಹಳದಿ ಗುಳ್ಳೆ, ಬೆನ್ನ ಮೇಲೆ ಕಿವಿರು ಇಲ್ಲ. ಅವಕ್ಕೆ ಕಿವಿರು ಅಡಿಯಲ್ಲಿ, ಮ್ಯಾಂಟಲ್ (ಬೆನ್ನಿನ ಹೊದಿಕೆ) ಮತ್ತು ಪಾದದ ನಡುವಿನ ಸಂದಿಯಲ್ಲಿ. ಅದರಲ್ಲೂ ಫಿಲಿಡಿಯೆಲ್ಲಾ ಪಸ್ಟುಲೋಸಾವನ್ನು ಅನುಕರಿಸುವ ಚಪ್ಪಟೆ ಹುಳ ಒಂದುಂಟು, ಹೆಸರೇ ಸ್ಯೂಡೋಸೆರೋಸ್ ಇಮಿಟೇಟಸ್. ಫಿಲಿಡಿಯಾದ ಹಾಗೆ ಕಾಣುವ ಸಮುದ್ರ ಸೌತೆಯ ಮರಿಯೂ ಉಂಟು, ಪಿಯರ್ಸೊನೊಥೂರಿಯಾ. ಗುಳ್ಳೆ ನೋಡಿ ಹೆಸರು ಬರೆದು ಕೆಟ್ಟವರು ಬಹಳ ಜನ.

ಹೊಸ ಮುಳುಗು
ಹಾಗಾದ್ರೆ ಬೆನ್ನ ತುಂಬಾ ಬೆರಳು ಬೆರಳಿನ ಹಾಗೆ ಇರೋದು? ಅದಕ್ಕೂ ಹಿಂದೆ ಹೂವಿಲ್ಲ.

ಕರಾವಳಿ ಕಿವಿರು
ಅದು ಇಯೋಲಿಡ್ ಗುಂಪು. ಆ ಬೆರಳಿಗೆ ಸೆರಾಟಾ ಅಂತ ಹೆಸರು. ಉಸಿರಾಟವೂ ಅದರಲ್ಲೇ, ಜೀರ್ಣಾಂಗದ ಕವಲೂ ಅದರೊಳಗೇ. ಹೈಡ್ರಾಯ್ಡ್ (ಗರಿಯ ಹಾಗೆ ಬೆಳೆಯುವ, ಕುಟುಕುವ ಜೀವಿ) ತಿಂದು, ಅದರ ಕುಟುಕು ಕೋಶ ಸಿಡಿಯದ ಹಾಗೆ ಬೆರಳಿನ ತುದಿಗೆ ಸಾಗಿಸಿ ತನ್ನ ಆಯುಧ ಮಾಡಿಕೊಳ್ತದೆ. ಗ್ಲಾಕಸ್ ಅದೇ ಗುಂಪಿನದು, ನೀರಿನ ಮೇಲೆ ತೇಲುವ ನೀಲಿ ಡ್ರ್ಯಾಗನ್. ಚೆನ್ನೈ ಕಡೆ ದಡಕ್ಕೆ ಬಿದ್ದದ್ದುಂಟು. ಚಂದ ಅಂತ ಅಂಗೈ ಮೇಲೆ ಇಟ್ಟುಕೊಳ್ಳಬೇಡಿ. ಅದು ತಿನ್ನುವುದು ಫೈಸೇಲಿಯಾ (ತೇಲುವ, ಕುಟುಕುವ ಪೋರ್ಚುಗೀಸ್ ಮ್ಯಾನ್ ಓ' ವಾರ್), ಆ ಕುಟುಕು ಅದರ ಬೆರಳಿನಲ್ಲಿ ಇರ್ತದೆ.

ಮ್ಯಾಕ್ರೋ ಕಣ್ಣು
ನೀಲಿ ಡ್ರ್ಯಾಗನ್ ಅಂದ್ರೆ ಟೆರಿಯೋಲಿಡಿಯಾ ಅಲ್ವಾ?

ಕರಾವಳಿ ಕಿವಿರು
ಎರಡಕ್ಕೂ ಅದೇ ಹೆಸರು ಕರೀತಾರೆ, ಅದಕ್ಕೇ ಅಡ್ಡಹೆಸರು ನಂಬಬಾರದು. ಟೆರಿಯೋಲಿಡಿಯಾ ತಳದಲ್ಲಿ ತೆವಳುವುದು, ಉದ್ದ ಮೈ, ಸೆರಾಟಾದೊಳಗೆ ಪಾಚಿ ಸಾಕಿಕೊಂಡು ಬಿಸಿಲಿನ ಊಟ ಮಾಡ್ತದೆ. ಹಳೆ ಪುಸ್ತಕದಲ್ಲಿ ಎಲ್ಲ ಕಡೆಯದಕ್ಕೂ ಇಯಾಂಥಿನಾ ಅಂತ ಇರ್ತದೆ. 2015ರಲ್ಲಿ ಡಿಎನ್‌ಎ ನೋಡಿ ಅದನ್ನು ಒಡೆದರು. ಉಷ್ಣವಲಯದ್ದು ಈಗ ಟೆರಿಯೋಲಿಡಿಯಾ ಸೆಂಪೆರಿ, ಇಯಾಂಥಿನಾ ಹೆಸರು ಆಗ್ನೇಯ ಆಸ್ಟ್ರೇಲಿಯಾದ್ದಕ್ಕೆ ಮಾತ್ರ.

ಎಲೆಕುರಿ
ನನ್ನ ಹೆಸರಿನ ಪ್ರಾಣಿ ಬಗ್ಗೆ ಯಾರೂ ಹೇಳ್ಲಿಲ್ಲ! ಕೋಸ್ಟಸಿಯೆಲ್ಲಾ ಕುರೊಶಿಮೆ, ಎಲೆ ಹೊತ್ತ ಕುರಿ ಮುಖದ್ದು. ಅತಿ ಮುದ್ದಾದ ನ್ಯೂಡಿಬ್ರಾಂಕ್ ಅದೇ.

ಸ್ಪಂಜು ಗೂಡು
ಮುದ್ದು ಹೌದು, ನ್ಯೂಡಿಬ್ರಾಂಕ್ ಅಲ್ಲ. ಸ್ಯಾಕೊಗ್ಲೋಸಾ ಅನ್ನುವ ಬೇರೆ ಗುಂಪು, ಪಾಚಿಯ ರಸ ಹೀರುವವು. ಕಡಲ ಬಸವನಹುಳು ಅಂದರೆ ದೊಡ್ಡ ಛತ್ರಿ, ನ್ಯೂಡಿಬ್ರಾಂಕ್ ಅದರ ಕೆಳಗಿನ ಒಂದು ಗುಂಪು. ಆ ಒಂದು ಗುಂಪಿನಲ್ಲೇ ಸುಮಾರು 3000 ಜಾತಿಗೆ ಹೆಸರಿಟ್ಟಾಗಿದೆ. ಎಲೆಕುರಿ ಬೇಕಾದರೆ ಹವಳದ ಮೇಲೆ ಹುಡುಕಬೇಡಿ. ಮರಳಿನ ತಳದಲ್ಲಿ ಬೆಳೆಯುವ ಅವ್ರೇನ್‌ವಿಲಿಯಾ ಎಂಬ ಬೀಸಣಿಗೆಯಂಥ ಪಾಚಿಯ ಎಲೆಯನ್ನು ಒಂದೊಂದಾಗಿ ನೋಡಿ. ಒಂದು ಸೆಂಟಿಮೀಟರ್ ಇದ್ದರೆ ದೊಡ್ಡದು.

ಪ್ರಯೋಗಶಾಲೆ ಮೇಜು
ಅದೇ ಬಳಗದ ಎಲಿಸಿಯಾ ತನ್ನ ತಲೆಯನ್ನೇ ಕತ್ತರಿಸಿಕೊಂಡು, ಆ ತಲೆಯಿಂದ ಹೃದಯ ಸಮೇತ ಹೊಸ ಮೈ ಬೆಳೆಸುತ್ತದೆ ಅಂತ 2021ರಲ್ಲಿ ಜಪಾನಿನ ಮಿತೋ ಮತ್ತು ಯೂಸಾ ತೋರಿಸಿದರು. ಹಳೆ ಮೈಯಿಂದ ಹೊಸ ತಲೆ ಹುಟ್ಟುವುದಿಲ್ಲ, ಅದು ಕೊನೆಗೆ ಕೊಳೆಯುತ್ತದೆ.

ಹವಳದಂಗಳ
ಎಲ್ಲರಿಗೂ ಧನ್ಯವಾದ. ಮೂಲ ಪ್ರಶ್ನೆಗೆ ಬರೋಣ. ಇಷ್ಟು ಬಣ್ಣ ಯಾಕೆ? ಜೊತೆಗಾರನನ್ನು ಗುರುತಿಸಲಿಕ್ಕೆ ಅಂತ ಆದರೆ, ಬಣ್ಣವೇ ಜಾತಿಯ ಗುರುತೂ ಆಗಬೇಕಲ್ಲ?

ಸ್ಪಂಜು ಗೂಡು
ಜೊತೆಗಾರನಿಗೆ ಆ ಬಣ್ಣ ಕಾಣುವುದೇ ಇಲ್ಲ! ಕಣ್ಣು ಚರ್ಮದ ಕೆಳಗೆ ಹೂತಿರುವ ಎರಡು ಕಪ್ಪು ಚುಕ್ಕಿ, ಬೆಳಕು-ಕತ್ತಲು ಬಿಟ್ಟು ಬೇರೇನೂ ತಿಳಿಯದು. ಜೊತೆ ಹುಡುಕುವುದು ವಾಸನೆಯಿಂದ, ಲೋಳೆಯ ಜಾಡಿನಿಂದ. ವಾಸನೆ ಹಿಡಿಯುವ ಅಂಗವೇ ಆ ಕೊಂಬು. ಬಣ್ಣ ಪೂರ್ತಿ ಮೀನಿಗಾಗಿ.

ವಿಷ ಬರುವುದು ಸ್ಪಂಜಿನಿಂದ. ಕ್ರೋಮೋಡೋರಿಸ್‌ಗಳು ಸ್ಪಂಜು ತಿಂದು ಅದರಲ್ಲಿನ ಲಟ್ರುಂಕ್ಯುಲಿನ್ ಎ ಎಂಬ ರಾಸಾಯನಿಕವನ್ನು ಮ್ಯಾಂಟಲಿನ ಅಂಚಿನಲ್ಲಿ ಕೂಡಿಡುತ್ತವೆ, ಮೀನು ಮೊದಲು ಬಾಯಿ ಹಾಕುವ ಕಡೆ. ಜೀವಕೋಶದ ಹಂದರವಾದ ಆ್ಯಕ್ಟಿನ್ ಎಂಬ ಪ್ರೋಟೀನ್ ಎಳೆ ಕಟ್ಟದಂತೆ ತಡೆಯುವ ವಿಷ ಅದು, ಲ್ಯಾಬಿನವರು ಇದೇ ಕೆಲಸಕ್ಕೆ ಬಾಟಲಿಯಲ್ಲಿ ತರಿಸಿಕೊಳ್ಳುತ್ತಾರೆ. 2016ರಲ್ಲಿ ಐದು ಕ್ರೋಮೋಡೋರಿಸ್ ಜಾತಿಗಳನ್ನು ನೋಡಿದಾಗ ಐದರ ಅಂಚಿನಲ್ಲೂ ಅದೇ ಒಂದು ವಿಷ ಸಿಕ್ಕಿತು. ವಿಷ ಒಂದೇ, ಅಂಗಿಯೂ ಒಂದೇ. ನಿಮ್ಮ ಗೊಂದಲದ ಬೇರು ಇಲ್ಲಿದೆ.

ಮ್ಯಾಕ್ರೋ ಕಣ್ಣು
ಸರಿ, ಒಪ್ಪಿದೆ. ಆದ್ರೆ ಈ ವಿಜ್ಞಾನಿಗಳು ಹೆಸರು ಬದಲಿಸೋದು ನಿಲ್ಲಿಸಲಿ. ಕ್ರೋಮೋಡೋರಿಸ್ ಕುನಿಯೈ ಅಂತ ಕಲಿತ್ರೆ ಗೋನಿಯೋಬ್ರಾಂಕಸ್ ಕುನಿಯೈ ಅಂತಾರೆ. ಹತ್ತು ವರ್ಷದ ಫೋಟೊ ಫೋಲ್ಡರ್‌ಗೆಲ್ಲ ಮತ್ತೆ ಹೆಸರು ಹಾಕ್ಬೇಕು.

ಪ್ರಯೋಗಶಾಲೆ ಮೇಜು
ಬದಲಿಸಿದ್ದಕ್ಕೆ ಕಾರಣ ಇದೆ. 2012ರ ಜಾನ್ಸನ್-ಗೋಸ್ಲಿನರ್ ಕೆಲಸದಲ್ಲಿ ಹಳೆ "ಕ್ರೋಮೋಡೋರಿಸ್" ಒಂದೇ ವಂಶ ಅಲ್ಲ ಅಂತ ಸ್ಪಷ್ಟವಾಯಿತು. ಗೆರೆ ಗೆರೆಯವು ಹೆಚ್ಚಾಗಿ ಕ್ರೋಮೋಡೋರಿಸ್‌ನಲ್ಲಿ ಉಳಿದವು, ಅಗಲ ಸೆರಗಿನ ಚುಕ್ಕಿ-ಮಚ್ಚೆಯ ಬಹಳಷ್ಟು ಜಾತಿ ಗೋನಿಯೋಬ್ರಾಂಕಸ್‌ಗೆ ಹೋದವು. ಹೊಸ ಕುಲದಿಂದ ಫೋಟೊ ತೆಗೆಯುವವರಿಗೆ ಅನುಕೂಲವೇ ಆಗಿದೆ. ಕುನಿಯೈ, ಜೆಮಿನಸ್ ಎರಡೂ ನಡೆಯುವಾಗ ಮ್ಯಾಂಟಲಿನ ಅಂಚನ್ನು ಎತ್ತಿ ಎತ್ತಿ ಹಾಕುತ್ತವೆ. ಹತ್ತು ಸೆಕೆಂಡಿನ ವಿಡಿಯೊ ಇದ್ದರೆ ಎಷ್ಟೋ ಸಲ ಫೋಟೊಗಿಂತ ಹೆಚ್ಚು ಹೇಳುತ್ತದೆ.

ಇನ್ನು ಹಿಪ್ಸೆಲೋಡೋರಿಸ್ ಎಂಬ ಇನ್ನೊಂದು ಕುಲ. 2018ರಲ್ಲಿ ಎಪ್ಸ್ಟೈನ್ ಮತ್ತು ಸಂಗಡಿಗರು ಒಂದೇ ಪ್ರಬಂಧದಲ್ಲಿ 17 ಹೊಸ ಜಾತಿ ವಿವರಿಸಿದರು. ಅದರಲ್ಲಿ ಒಂದು ಹಿಪ್ಸೆಲೋಡೋರಿಸ್ ಇಬಾ. "ಇಬಾ" ಅಂದರೆ ತಗಲೊಗ್ ಭಾಷೆಯಲ್ಲಿ "ಬೇರೆ". ಎರಡು ಬೇರೆ ಬಣ್ಣದವು ಒಂದೇ ಜಾತಿ ಅಂತ ಗೊತ್ತಾದದ್ದು ಅಲ್ಲಿ. ನೀವು ಬಣ್ಣ ನೋಡಿ ಎರಡು ಫೋಲ್ಡರ್ ಮಾಡಿರುತ್ತಿದ್ದಿರಿ.

ಧಾರವಾಡ ಮಾಸ್ತರ
ಹೆಸರಿನ ಮಾತು ಬಂತಂತ ಹೇಳ್ತೇನ್ರಿ. ಹಿಂದೂಸ್ತಾನದ ನ್ಯೂಡಿಬ್ರಾಂಕ್ ಮೇಲೆ ಬಂದ ಹಳೇ ದೊಡ್ಡ ಬರಹದಾಗ ಒಂದು, ಆಲ್ಡರ್ ಮತ್ತು ಹ್ಯಾನ್‌ಕಾಕ್ 1864ರಾಗ ಬರೆದದ್ದು. ಆ ಸಂಗ್ರಹ ಮಾಡಿದಾಂವ ವಾಲ್ಟರ್ ಎಲಿಯಟ್ ಅನ್ನೋ ಕಂಪನಿ ಸರಕಾರದ ಅಧಿಕಾರಿ. ಯಾರು ಗೊತ್ತೇನ್ರಿ? 1824ರಾಗ ಕಿತ್ತೂರಿನ ಕಾಳಗದಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಯಾಗ ಸೆರೆ ಸಿಕ್ಕ ಇಬ್ಬರೊಳಗ ಒಬ್ಬ! ಮುಂದ ನಮ್ಮ ಕಡೆ ಶಾಸನಗಳ ಪ್ರತಿ ನೂರಾರು ಮಾಡಿಸಿದಾಂವನೂ ಅವನ. ಆಮ್ಯಾಲೆ ವಿಶಾಖಪಟ್ಟಣದ ವಾಲ್ಟೇರಿನಾಗ ಇದ್ದಾಗ ಕಡಲ ದಂಡಿಯ ಈ ಜೀವಿಗಳನ್ನ ಕೂಡಿಸಿದ. ಅದರಾಗ ಒಂದು ಹೊಸ ಕುಲಕ್ಕ ಇಟ್ಟ ಹೆಸರು ಕಳಿಂಗ, ಕಳಿಂಗ ಆರ್ನಾಟಾ.

ಕರಾವಳಿ ಕಿವಿರು
ಕಳಿಂಗ ಗೊತ್ತಿತ್ತು, ಕಿತ್ತೂರು ಗೊತ್ತಿರಲಿಲ್ಲ ಮಾಸ್ತರೇ! ಒಂದು ಸೇರಿಸ್ತೇನೆ: ಕಳಿಂಗ ಆರ್ನಾಟಾ ಸ್ಪಂಜು ತಿನ್ನುವುದಲ್ಲ, ನಕ್ಷತ್ರಮೀನಿನ ಬಂಧುವಾದ ತೆಳು ತೋಳಿನ ಬ್ರಿಟಲ್ ಸ್ಟಾರ್ ನುಂಗುವುದು.

ಪ್ರಯೋಗಶಾಲೆ ಮೇಜು
ಮಾಸ್ತರ ಮಾತು ವಿಷಯಕ್ಕೆ ಹೊರಗಿನದಲ್ಲ. ಮದ್ಯಸಾರಕ್ಕೆ ಹಾಕಿದ ಕೂಡಲೇ ಇವುಗಳ ಬಣ್ಣ ಹೋಗುತ್ತದೆ, ಮೈ ಸುಕ್ಕಿ ಬೂದು ಗುಡ್ಡೆಯಾಗುತ್ತದೆ. ಹಳೆ ಹೆಸರುಗಳ ಗೊಂದಲಕ್ಕೆ ಮುಖ್ಯ ಕಾರಣ ಇದು: ಹಡಗಿನಲ್ಲಿ ತಿಂಗಳುಗಟ್ಟಲೆ ಹೋದ ಬಣ್ಣಗೆಟ್ಟ ಮಾದರಿ ನೋಡಿ ವಿವರಣೆ ಬರೆದರು.

ಈಗಿನ ಕ್ರಮ ಕೇಳಿ. ಮೊದಲು ಜೀವಂತ ಇರುವಾಗಲೇ ಫೋಟೊ. ಆಮೇಲೆ ಮೆಗ್ನೀಶಿಯಂ ಕ್ಲೋರೈಡ್‌ನಲ್ಲಿ ಮೈ ಸಡಿಲಿಸಬೇಕು. ಒಂದು ಲೀಟರ್ ಸಿಹಿನೀರಿಗೆ 75 ಗ್ರಾಂ ಹರಳು ಕರಗಿಸಿ, ಅಷ್ಟೇ ಸಮುದ್ರದ ನೀರು ಬೆರೆಸಿ. ಮುಟ್ಟಿದರೂ ಕಿವಿರು ಒಳಗೆ ಹೋಗದಿದ್ದಾಗ ಸಿದ್ಧ. ಈ ಹೆಜ್ಜೆ ಬಿಟ್ಟರೆ ಕಿವಿರು, ಕೊಂಬು ಎರಡೂ ಒಳಗೇ ಗಟ್ಟಿಯಾಗಿ ಮಾದರಿ ಕೆಲಸಕ್ಕೆ ಬಾರದು. ಪಾದದಿಂದ ಅಕ್ಕಿಕಾಳಿನಷ್ಟು ತುಂಡು 95% ಎಥನಾಲ್‌ಗೆ, ಡಿಎನ್‌ಎಗಾಗಿ. ಉಳಿದ ಮೈ 10% ಫಾರ್ಮಲಿನ್‌ಗೆ, ಒಳಾಂಗ ನೋಡಲು. ತಿರುಗು ಮುರುಗು ಮಾಡಿದರೆ ಫಾರ್ಮಲಿನ್ ಡಿಎನ್‌ಎ ಕೆಡಿಸುತ್ತದೆ.

ಇದೆಲ್ಲ ಅನುಮತಿ ಇದ್ದವರ ಕೆಲಸ. ನಮ್ಮ ದೇಶದಲ್ಲಿ ಹೊಸ ಜಾತಿ ವಿವರಿಸಿದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಮಾದರಿಯನ್ನು ನಿಗದಿತ ಭಂಡಾರದಲ್ಲಿ ಇಡಲೇಬೇಕು. ಡೈವ್ ಹೋದವರು ಜೇಬಿಗೆ ಹಾಕಿಕೊಂಡು ಬರುವುದಲ್ಲ.

ಉಪ್ಪುನೀರು ಟ್ಯಾಂಕ್
ಜೇಬಿಗಲ್ಲ, ಅಂಗಡಿಯಿಂದ ಕೊಂಡು ರೀಫ್ ಟ್ಯಾಂಕ್‌ಗೆ ಬಿಡಬಹುದಾ? ಕ್ರೋಮೋಡೋರಿಸ್ ಒಂದೊಂದು ಸಲ ಮಾರಾಟಕ್ಕೆ ಬರತ್ತೆ. 200 ಲೀಟರ್ ಟ್ಯಾಂಕ್, ನೀರು ಎಲ್ಲ ಸರಿ ಇದೆ.

ಸ್ಪಂಜು ಗೂಡು
ದಯವಿಟ್ಟು ಬೇಡ. ನೀರು ಎಷ್ಟು ಸರಿ ಇದ್ದರೂ ಅದು ಉಪವಾಸ ಸಾಯುತ್ತದೆ. ತಿನ್ನುವುದು ಕೆಲವೇ ಜಾತಿಯ ಸ್ಪಂಜು, ಟ್ಯಾಂಕಿನ ಕಲ್ಲಿನ ಮೇಲೆ ಬೆಳೆಯುವ ಸ್ಪಂಜು ಅದಲ್ಲ. ಪೆಲೆಟ್, ಸಿಗಡಿ ತುಂಡು ಮೂಸಿಯೂ ನೋಡದು. ಕೆಲವು ವಾರ ಓಡಾಡಿಕೊಂಡು ಇರುತ್ತದೆ, ಅದನ್ನೇ "ಒಗ್ಗಿಕೊಂಡಿದೆ" ಅಂತ ಮಾರುವವರು ಹೇಳುತ್ತಾರೆ. ಅಷ್ಟರಲ್ಲಿ ಮೈ ಕುಗ್ಗುತ್ತಾ ಬಂದಿರುತ್ತದೆ. ಫಿಲಿಡಿಯಾ ಆದರೆ ಇನ್ನೂ ಕೆಟ್ಟದ್ದು. ಹೆದರಿದಾಗ ಬಿಡುವ ವಿಷ ಚಿಕ್ಕ ಟ್ಯಾಂಕಿನಲ್ಲಿ ಉಳಿದ ಮೀನನ್ನೂ ಕೊಲ್ಲಬಲ್ಲದು.

ಎಲೆಕುರಿ
ಬರ್ಗಿಯಾ ಒಂದು ಬಿಟ್ಟು.

ಸ್ಪಂಜು ಗೂಡು
ಹೌದು, ಬರ್ಗಿಯಾ ಸ್ಟೆಫನಿಯೆ ಬೇರೆ ಕಥೆ, ಅದನ್ನು ಟ್ಯಾಂಕಿನಲ್ಲೇ ಮರಿ ಮಾಡಿಸುತ್ತಾರೆ. ತಿನ್ನುವುದು ಐಪ್ಟೇಸಿಯಾ (ಟ್ಯಾಂಕಿಗೆ ಪಿಡುಗಾಗುವ ಸಣ್ಣ ಸೀ ಅನಿಮೊನ್) ಮಾತ್ರ. ಟ್ಯಾಂಕಿನಲ್ಲಿ ಐಪ್ಟೇಸಿಯಾ ಹಾವಳಿ ಇದ್ದರೆ ಬ್ಲೇಡಿನಲ್ಲಿ ಕೆರೆಯಬೇಡಿ, ಕಲ್ಲಿಗೆ ಅಂಟಿ ಉಳಿದ ಚೂರು ಮತ್ತೆ ಚಿಗುರುತ್ತದೆ. 200 ಲೀಟರಿಗೆ ಒಂದೋ ಎರಡೋ ಬಿಟ್ಟರೆ ಏನೂ ಆಗದು. ಎಂಟು ಹತ್ತು ಬಿಡಿ, ಮೊಟ್ಟೆ ಇಟ್ಟು ಸಂಖ್ಯೆ ಹೆಚ್ಚಿದ ಮೇಲೆಯೇ ಕೆಲಸ ಕಾಣುವುದು. ದೀಪ ಆರಿದ ಮೇಲೆ, ಪಂಪ್ ನಿಲ್ಲಿಸಿ, ಐಪ್ಟೇಸಿಯಾ ಪಕ್ಕದ ಕಲ್ಲಿಗೆ ಪಿಪೆಟ್‌ನಲ್ಲಿ ಬಿಡಿ. ಪಂಪಿನ ಬಾಯಿಗೆ ಸಣ್ಣ ರಂಧ್ರದ ಫೋಮ್ ಕಟ್ಟಿ. ಪೆಪ್ಪರ್‌ಮಿಂಟ್ ಸಿಗಡಿ ಅಥವಾ ಸಿಕ್ಸ್‌ಲೈನ್ ರಾಸ್ ಮೀನು ಇದ್ದರೆ ದುಡ್ಡು ದಂಡ, ರಾತ್ರಿಯೇ ತಿಂದು ಮುಗಿಸುತ್ತವೆ. ಐಪ್ಟೇಸಿಯಾ ಖಾಲಿಯಾದ ದಿನ ಬರ್ಗಿಯಾಕ್ಕೂ ಊಟ ಖಾಲಿ. ಅಷ್ಟರೊಳಗೆ ಬೇಕಾದವರಿಗೆ ದಾಟಿಸಿ.

ಹೊಸ ಮುಳುಗು
ನೇತ್ರಾಣಿಯಲ್ಲಿ ನೋಡ್ಬಹುದಾ ಇವನ್ನ?

ಕರಾವಳಿ ಕಿವಿರು
ನ್ಯೂಡಿಬ್ರಾಂಕ್ ಉಂಟು. ಅನಿಲಾವಿನಷ್ಟು ಜಾತಿ ನಿರೀಕ್ಷಿಸಬೇಡಿ, ಅದು ಕೋರಲ್ ಟ್ರಯಾಂಗಲ್ ಎಂಬ ಹವಳ ತುಂಬಿದ ಕಡಲಿನ ಭಾಗ, ಲೋಕದಲ್ಲೇ ಇವುಗಳ ದೊಡ್ಡ ಸಂತೆ. ಮುರ್ಡೇಶ್ವರದಿಂದ ದೋಣಿ ಹೋಗುವುದು ಅಕ್ಟೋಬರಿನಿಂದ ಮೇ ವರೆಗೆ, ಮಳೆಗಾಲ ಬಂದ್. ಬಂಡೆಯ ನೆರಳಿನ ಬದಿ, ಸ್ಪಂಜು ಹತ್ತಿದ ಸಂದಿ, ಹೈಡ್ರಾಯ್ಡ್ ಗರಿ ಇರುವಲ್ಲಿ ನಿಧಾನಕ್ಕೆ ನೋಡಿ. ಇಡೀ ದಿಬ್ಬ ಸುತ್ತುವುದಕ್ಕಿಂತ ಎರಡು ಮೀಟರ್ ಬಂಡೆಯನ್ನು ಹತ್ತು ನಿಮಿಷ ನೋಡಿದರೆ ಜಾಸ್ತಿ ಸಿಗ್ತದೆ. ಮುಳುಗಲಿಕ್ಕೆ ಬಾರದವರು ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದೊಡ್ಡ ಇಳಿತದಲ್ಲಿ ಕಲ್ಲು ಕಡಲತೀರದ ನೀರುಗುಂಡಿ ನೋಡಿ. ಕಲ್ಲು ಎತ್ತಿದರೆ ಎತ್ತಿದ ಹಾಗೇ ವಾಪಸ್ ಇಡಬೇಕು, ಅಡಿಯ ಜೀವ ಬಿಸಿಲಿಗೆ ಸಾಯ್ತದೆ.

ಮ್ಯಾಕ್ರೋ ಕಣ್ಣು
ಫೋಟೊ ವಿಷಯ ನಾನು ಹೇಳ್ತೀನಿ, ಎರಡನೇ ಫೋಟೊ ಸೋತಿದ್ದು ಅಲ್ಲೇ. ಕಿವಿರು ಒಳಗೆ ಹೋಗಿದೆ ಅಂದ್ರೆ ಯಾರೋ ಮುಟ್ಟಿದಾರೆ, ಇಲ್ಲಾ ಫಿನ್ ಬೀಸಿದ ನೀರು ತಾಗಿದೆ. ಒಂದೆರಡು ನಿಮಿಷ ಅಲುಗಾಡದೆ ಕಾದ್ರೆ ತಾನೇ ಅರಳತ್ತೆ. ಕಡ್ಡಿಯಲ್ಲಿ ತಿವಿದು "ಪೋಸ್" ಕೊಡಿಸೋ ಗೈಡ್‌ಗೆ ಅಲ್ಲೇ ಬೇಡ ಅಂತ ಕೈ ಮಾಡಿ.

ಬೆಳಕು ಮುಖ್ಯ. ಐದಾರು ಮೀಟರ್ ಕೆಳಗೆ ಕೆಂಪು ಹೋಗ್ತಾ ಬರತ್ತೆ, ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಇಲ್ದೆ ತೆಗೆದ್ರೆ ಕಿತ್ತಳೆ ಕೊಂಬೂ ಮಣ್ಣು ಬಣ್ಣ. ಐಎಸ್ಒ 100-200, ಶಟರ್ 1/200, ಅಪರ್ಚರ್ ಎಫ್ 14ರಿಂದ 18. ಎಫ್ 29ಕ್ಕೆ ಹೋದ್ರೆ ಎಲ್ಲ ಫೋಕಸ್ ಆಗತ್ತೆ ಅನ್ನೋದು ತಪ್ಪು, ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡೋದ್ರಿಂದ) ಇಡೀ ಚಿತ್ರ ಮಂಕಾಗತ್ತೆ. ಫೋಕಸ್ ಕೊಂಬಿನ ಮೇಲೆ. ಸ್ಟ್ರೋಬ್ ಎರಡೂ ಪಕ್ಕಕ್ಕೆ ತಿರುಗಿಸಿ, ನೇರ ಹಿಡಿದ್ರೆ ನೀರಿನ ಧೂಳೆಲ್ಲ ಹಿಮದ ಥರ ಬೀಳತ್ತೆ.

ಹೆಸರಿಗಾಗಿ ಆದ್ರೆ ಐದು ಫೋಟೊ: ಮೇಲಿನಿಂದ ಪೂರ್ತಿ, ಕೊಂಬು ಹತ್ತಿರದಿಂದ, ಕಿವಿರು ಹತ್ತಿರದಿಂದ, ಪಕ್ಕದಿಂದ ಪಾದ ಕಾಣೋ ಹಾಗೆ, ಮತ್ತೆ ಅದು ಕೂತಿರೋ ಸ್ಪಂಜು.

ಸ್ಪಂಜು ಗೂಡು
ಐದನೆಯದನ್ನು ಜನ ಮರೆಯುತ್ತಾರೆ, ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ಊಟ ಗೊತ್ತಾದರೆ ಅರ್ಧ ಕುಲ ಗೊತ್ತಾದ ಹಾಗೆ. ನೆಂಬ್ರೋಥಾ ಕುಲ ಆದರೆ ಆಸಿಡಿಯನ್ (ಕಲ್ಲಿಗೆ ಅಂಟಿರುವ ಚೀಲದಂಥ ಜೀವಿ) ಮೇಲೆ, ಫೆಸ್ಟಿಲಾ ಕುಲ ಆದರೆ ಗಟ್ಟಿ ಹವಳದ ಮೇಲೆ.

ಹವಳದಂಗಳ
ಮೂಲ ಫೈಲ್‌ಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದು ಆನೆ, ಮೂರು ವಿಲನಿ, ಹಾಗೇ ಬರೆಯುತ್ತೇನೆ. ಎರಡನೆಯದರ ಇನ್ನೊಂದು ಫೋಟೊ ಸಿಕ್ಕಿತು, ಕಿವಿರು ಮುಕ್ಕಾಲು ತೆರೆದಿದೆ. ಬಣ್ಣ ಕೊಂಬಿನದೇ, ತಿಳಿ ಗುಲಾಬಿ. ಬಿಳಿ ಚುಕ್ಕಿ ಒಂದೂ ಇಲ್ಲ.

ಪ್ರಯೋಗಶಾಲೆ ಮೇಜು
ಹಾಗಾದರೆ ಲೊಚಿ ಅಂತ ಬರೆಯಬಹುದು, ಮುಂದೆ "ಸಿಎಫ್." ಸೇರಿಸಿ. ಹೋಲುತ್ತದೆ, ಆದರೆ ಪರೀಕ್ಷಿಸಿಲ್ಲ ಎಂದು ಅದರರ್ಥ. ಆಳ, ತಾರೀಕು, ಜಾಗ ಕಡ್ಡಾಯವಾಗಿ ಹಾಕಿ.

ಮ್ಯಾಕ್ರೋ ಕಣ್ಣು
ನಾನು ಮೊದಲೇ ಲೊಚಿ ಅಂದಿದ್ದೆ.

ಸ್ಪಂಜು ಗೂಡು
ಅಂದಿದ್ದಿರಿ. ಈಗ ಕಿವಿರು ನೋಡಿ ಅಂದ ಹಾಗಾಯಿತು.

ಎಲೆಕುರಿ
3ನೇ ಫೋಟೊದ ಎಡ ಮೂಲೆಯಲ್ಲಿ ಬಿಳಿ ರಿಬ್ಬನ್ ಸುರುಳಿ ಇದೆಯಲ್ಲ, ಅದು ಮೊಟ್ಟೆ ಅಲ್ವಾ? ಅದರ ಮೇಲೆ ಏನೋ ಸಣ್ಣದು ಕೂತಿದೆ.

ಕರಾವಳಿ ಕಿವಿರು
ಮೊಟ್ಟೆಯೇ. ಮೇಲೆ ಕೂತದ್ದಕ್ಕೆ ಬೆರಳು ಬೆರಳು ಸೆರಾಟಾ, ಕೊಂಬಿನಲ್ಲಿ ಗಂಟು ಗಂಟು ಕಾಣ್ತದೆ. ಫವೋರೈನಸ್ ಇರಬೇಕು, ಬೇರೆಯವರ ಮೊಟ್ಟೆ ತಿಂದೇ ಬದುಕುವ ನ್ಯೂಡಿಬ್ರಾಂಕ್. ಆ ಮೂಲೆಯನ್ನು ಕತ್ತರಿಸಿ ದೊಡ್ಡದು ಮಾಡಿ ಹಾಕಿ ಮಾರಾಯ್ರೆ, ನಿಮ್ಮ ನಾಲ್ಕನೇ ಜಾತಿ ಅಲ್ಲುಂಟು.